ಹಲ್ಲುಗಳನ್ನು ಅಳಿಸುತ್ತಿದ್ದ ಅಲಮೇಲು

ಅಲಮೇಲು ಅವರು ರಸ್ತೆಯಲ್ಲಿ ನಡೆಯುತ್ತಿದ್ದರು ಎನ್ನುವುದಕ್ಕಿಂತ ರಸ್ತೆಯನ್ನು ದಾಟುತ್ತಲೇ ಇರುತ್ತಿದ್ದರು ಎನ್ನುವುದು ಸರಿ. ಜಯನಗರದ ಮಾರುಕಟ್ಟೆಯಿಂದ ಯಡಿಯೂರಿನ ತಮ್ಮ ಬಾಡಿಗೆಮನೆಗೆ ಬರುವಾಗ, ನಾಯಿ ಮಲಗಿದ ಬದಿಯನ್ನು ಬಿಟ್ಟು ಆಚೆಗೆ, ಅಲ್ಲೊಂದು ದನ ಕಂಡರೆ ಮತ್ತೆ ಈಚೆಗೆ, ಹೀಗೆ ಹಾವು ಹರಿದಂಥ ಗತಿ ಅವರದು. ಏಪ್ರಿಲ್ಲಿನ ಉರಿಬಿಸಿಲಿನಲ್ಲೂ ಸೀರೆಯ ಮೇಲೆ, ತೀರಿಹೋದ ಅಣ್ಣನ ಉಣ್ಣೆಯ ಕೋಟು. ಯಾವ ಪ್ರಾಣಿ ಬಾಯಿ ಹಾಕಿದರೂ ಮೊದಲು ಬಟ್ಟೆಗೆ ತಾಗಲಿ ಎಂಬ ಎಚ್ಚರಿಕೆ. ಯಾರ ಮನೆಯ ಗೇಟಿನ ಮುಂದೆ ನಿಂತರೂ ಅವರ ಮೊದಲ ಮಾತು ಒಂದೇ: “ಕಚ್ಚಲ್ಲ ತಾನೆ?” ನಾಯಿಯೇ ಇಲ್ಲದ ಮನೆಗಳಲ್ಲೂ ಈ ಪ್ರಶ್ನೆ ತಪ್ಪುತ್ತಿರಲಿಲ್ಲ.

ಇಷ್ಟು ಭೀರುವಾದ ಆ ಹೆಂಗಸು ನಮ್ಮ ಮಕ್ಕಳ ಮಾಸಪತ್ರಿಕೆಗೆ ಪ್ರಾಣಿಗಳ ಚಿತ್ರ ಬರೆಯುತ್ತಿದ್ದರು. ಬಸ್ಸಿನ ಕ್ಯೂನಲ್ಲಿ ನಿಂತು ಆಕಳಿಸುವ ಒಂಟೆ, ಸ್ವೆಟರ್ ಹೆಣೆಯುವ ಮೊಸಳೆ, ಮಫ್ಲರ್ ಸುತ್ತಿಕೊಂಡು ಸೀನುವ ಹುಲಿ. ಮಕ್ಕಳು ಅವನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದರು. ಉಪಸಂಪಾದಕನಾಗಿದ್ದ ನಾನು ಚಿತ್ರಗಳನ್ನು ತರಲು ತಿಂಗಳಿಗೊಮ್ಮೆ ಅವರ ಮನೆಗೆ ಹೋಗುತ್ತಿದ್ದೆ.

ಒಮ್ಮೆ ಸ್ವಲ್ಪ ಬೇಗ ಹೋದಾಗ ಮೇಜಿನ ಮೇಲಿದ್ದ ಪೆನ್ಸಿಲ್ಲಿನ ಹುಲಿಯನ್ನು ಕಂಡು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅದರ ಕೋರೆಹಲ್ಲು, ಬಿಗಿದ ಭುಜ, ಹಸಿದ ದೃಷ್ಟಿ, ಯಾವುದರಲ್ಲೂ ನಗುವಿನ ಲವಲೇಶವಿರಲಿಲ್ಲ.

“ಅದನ್ನ ನೋಡ್ಬೇಡಿ,” ಎಂದು ಅಲಮೇಲು ಧಾವಿಸಿ ಬಂದರು. “ಅದಿನ್ನೂ ಪಳಗಿಲ್ಲ.”

ಮನಸ್ಸಿನೊಳಗೆ ಪ್ರಾಣಿ ಹೇಗೆ ಎರಗುತ್ತದೆಯೋ ಹಾಗೆಯೇ ಅದನ್ನು ಮೊದಲು ಕಾಗದಕ್ಕೆ ಇಳಿಸುವುದು ಅವರ ಕ್ರಮ. ಅದರ ಮೇಲೆ ತೆಳುಕಾಗದವಿಟ್ಟು ಮತ್ತೊಮ್ಮೆ ಬರೆಯುವಾಗ ಉಗುರುಗಳು ಮೊಂಡಾಗುತ್ತಿದ್ದವು. ಇನ್ನೊಂದು ಕಾಗದದಲ್ಲಿ ಕಣ್ಣು ದುಂಡಗಾಗಿ ಹೊಟ್ಟೆ ಬರುತ್ತಿತ್ತು. ಮತ್ತೊಂದರಲ್ಲಿ ಹಲ್ಲುಗಳು ಅಳಿಸಿಹೋಗಿ ಮಫ್ಲರ್ ಏರುತ್ತಿತ್ತು. ಆಮೇಲೆ ದಪ್ಪ ಹಾಳೆ, ಕಪ್ಪು ಶಾಯಿ, ಕಟ್ಟಕಡೆಗೆ ಬಣ್ಣ. “ಬಣ್ಣ ಒಣಗೋವರೆಗೂ ಈ ರೂಮಲ್ಲಿ ನನಗೆ ನಿದ್ದೆ ಬರಲ್ಲ,” ಎಂದರು. ತಮಾಷೆಯೆಂದು ನಾನು ನಕ್ಕೆ, ಅವರು ನಗಲಿಲ್ಲ.

ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ, ಅವರು ಜೀವಮಾನವಿಡೀ ಹೆದರಿದ್ದು ನಡೆದೇಹೋಯಿತು. ಯಡಿಯೂರು ಕೆರೆಯ ಏರಿಯ ಬಳಿ ಸೊಪ್ಪು ಮಾರುತ್ತಿದ್ದ ರುದ್ರಮ್ಮನ ಕಂದುನಾಯಿ, ಕೋಟು ಮುಚ್ಚದ ಮೀನಖಂಡಕ್ಕೇ ಬಾಯಿ ಹಾಕಿತು. ಡಾಕ್ಟರು ಹೊಕ್ಕುಳ ಸುತ್ತ ದಿನಕ್ಕೊಂದು ಇಂಜೆಕ್ಷನ್ ಶುರುಮಾಡಿ, “ನಾಯಿ ಮೇಲೆ ಹತ್ತು ದಿನ ಕಣ್ಣಿಟ್ಟಿರಿ. ಅದು ಚೆನ್ನಾಗಿದ್ರೆ ನಿಮಗೂ ಭಯವಿಲ್ಲ,” ಎಂದರು. ಅಂದಿನಿಂದ ನೀರು ಕುಡಿಯುವಾಗಲೆಲ್ಲ ಅಲಮೇಲು ಲೋಟವನ್ನು ತುಟಿಯ ಬಳಿಯೇ ತಡೆಹಿಡಿಯುತ್ತಿದ್ದರು. ನಾಯಿಯ ಹುಚ್ಚು ತಮಗೂ ಏರಿ ಗಂಟಲು ಮುಚ್ಚಿಕೊಂಡೀತೇ ಎಂದು ಒಂದು ಕ್ಷಣ ಕಾದು, ಆಮೇಲೆ ಗುಟುಕರಿಸುತ್ತಿದ್ದರು.

ನಾಯಿಯನ್ನು ನೋಡಲು ಅವರು ಹೊರಟಾಗ ಸಂಜೆ ಸಂಜೆ ನಾನೂ ಜೊತೆಗೆ ಹೋಗುತ್ತಿದ್ದೆ. ನಾಯಿಯನ್ನು ರುದ್ರಮ್ಮ ಗೂಟಕ್ಕೆ ಕಟ್ಟಿರುತ್ತಿದ್ದಳು. ಎದುರಿನ ಜಗಲಿಯಲ್ಲಿ ಕೂತು ಅಲಮೇಲು ಅದರ ಚಿತ್ರ ಬರೆಯುತ್ತಿದ್ದರು. “ಬರೀತಾ ಇದ್ರೆ ಹೆದರಿಕೆ ಕೈಗೆ ಇಳಿಯುತ್ತೆ,” ಎನ್ನುತ್ತಿದ್ದರು. “ಎದೇಲೇ ಇದ್ರೆ ಸತ್ತೇಹೋಗ್ತೀನಿ.”

ವಾರ ಕಳೆದಿತ್ತೇನೋ. ಅಂದು ನಾವು ಹೋದಾಗ ಗೂಟದ ಸುತ್ತ ಜನ ಸೇರಿದ್ದರು. ನಾಯಿಯ ಬಾಯಿ ಜೋತುಬಿದ್ದು ಜೊಲ್ಲು ಸುರಿಯುತ್ತಿತ್ತು. ಹಾಕಿದ್ದ ಮುದ್ದೆ ಹಾಗೆಯೇ ಬಿದ್ದಿತ್ತು. ಅಲಮೇಲು ನನ್ನ ತೋಳು ಹಿಡಿದುಕೊಂಡರು.

“ಹುಚ್ಚಿಡಿದೈತೆ. ದೂರ ಇರಿ ಮೇಡಂ,” ಎಂದು ಒಬ್ಬ ದೊಣ್ಣೆ ಎತ್ತಿದ.

“ಹೊಡೀಬ್ಯಾಡ್ರಪ್ಪಾ!” ಎಂದು ರುದ್ರಮ್ಮ ಅಡ್ಡ ನಿಂತಳು.

ಅಲಮೇಲು ಓಡಿಹೋಗುವರೆಂದುಕೊಂಡೆ. ಓಡುವುದಕ್ಕೇ ಅವರು ತಿರುಗಿದ್ದರು. ಆದರೆ ಅವರ ದೃಷ್ಟಿ ಮಾತ್ರ ನಾಯಿಯನ್ನು ಬಿಟ್ಟಿರಲಿಲ್ಲ. “ಒಂದ್ನಿಮಿಷ,” ಎಂದರು, ಯಾರಿಗೂ ಕೇಳಿಸಲಿಲ್ಲ. ಮತ್ತೆ ಕೂಗಿದರು: “ನಿಲ್ಲಿಸಿ! ನೋಡಿ, ಒಂದೇ ಕಾಲಲ್ಲಿ ಬಾಯಿ ಕೆರೀತಿದೆ. ಆ ದವಡೆ ನಿನ್ನೆ ಹಾಗಿರ್ಲಿಲ್ಲ, ನಾನು ಬರೆದಿದ್ದೀನಿ. ಒಳಗೆ ಏನೋ ಸಿಕ್ಕೊಂಡಿದೆ.”

“ಸಿಕ್ಕಾಕ್ಕಂಡಿದ್ರೆ ತಗೀಬೇಕಲ್ಲವ್ವಾ, ಯಾರು ಹಿಡ್ಕಂತಾರೆ?” ಎಂದಳು ರುದ್ರಮ್ಮ.

ದೊಣ್ಣೆ ಹಿಡಿದವನೂ ಸೇರಿ ಎಲ್ಲರೂ ಹಿಂದೆ ಸರಿದರು, ನಾನೂ ಸರಿದೆ. ಅಲಮೇಲು ಕೋಟು ಬಿಚ್ಚಿ ಅಳುತ್ತಲೇ ಮುಂದೆ ಹೋಗಿ, ನಾಯಿಯ ಮೈಮೇಲೆ ಹೊದಿಸಿ, ಕಣ್ಣು ಮುಚ್ಚಿಕೊಂಡು ಅದರ ಮೇಲೆ ಒರಗಿಬಿಟ್ಟರು. ರುದ್ರಮ್ಮ ಕೈಗೆ ಗೋಣಿ ಸುತ್ತಿ, ಅಂಗುಳಕ್ಕೆ ಅಡ್ಡವಾಗಿ ಕಚ್ಚಿಕೊಂಡಿದ್ದ ಮೂಳೆಯ ಚೂರನ್ನು ಕಿತ್ತು ತೆಗೆದಳು. “ಮೂಳೆ ಕಣವ್ವಾ, ಬರೀ ಮೂಳೆ,” ಎಂದು ಅವಳೂ ಅಳತೊಡಗಿದಳು.

ನಾಯಿ ಬದುಕಿತು, ಇನ್ನು ಸಾಕೆಂದು ಡಾಕ್ಟರು ಹೇಳಿದರೂ ಅಲಮೇಲು ಇಂಜೆಕ್ಷನ್ ಬಿಡಲಿಲ್ಲ, ಪೂರ್ತಿ ಹಾಕಿಸಿಕೊಂಡರು. ರಸ್ತೆ ದಾಟುವುದೂ ನಿಲ್ಲಲಿಲ್ಲ. ಕೋಟನ್ನು ನಾಯಿಗೇ ಬಿಟ್ಟು, ಕಾಲಿನವರೆಗೂ ಬರುವ ಹೊಸದೊಂದನ್ನು ಹೊಲಿಸಿಕೊಂಡರು.

ಮುಂದಿನ ಸಂಚಿಕೆಗೆ ಅವರು ಕೊಟ್ಟದ್ದು ಸೊಪ್ಪಿನ ಬುಟ್ಟಿ ಹೊತ್ತ ಕಂದುನಾಯಿಯ ಚಿತ್ರ. ಪೇಟ, ಹೊಟ್ಟೆ ಎಲ್ಲವೂ ಇದ್ದವು; ತೆರೆದ ಬಾಯಿಯಲ್ಲಿ ಹಲ್ಲುಗಳೂ ಇದ್ದವು. ಸಂಪಾದಕ ಸಂಜೀವಯ್ಯನವರು ಹುಬ್ಬು ಗಂಟಿಕ್ಕಿದರು: “ಮಕ್ಕಳು ಹೆದರಲ್ವೇನಮ್ಮಾ?”

“ಇರೋದೇ ಹಾಗೆ ಸಾರ್. ಹತ್ತಿರದಿಂದ ನೋಡಿದ್ದೀನಿ,” ಎಂದರು ಅಲಮೇಲು. ಚಿತ್ರ ಹಾಗೆಯೇ ಅಚ್ಚಾಯಿತು.

ಧೈರ್ಯವಂತರಿಗೆ ಲೋಕವನ್ನು ದಿಟ್ಟಿಸಿ ನೋಡುವ ದರ್ದಿಲ್ಲ. ಅವರು ಅದರ ನಡುವೆ ನಿಶ್ಚಿಂತೆಯಿಂದ ಹಾದುಹೋಗುತ್ತಾರೆ. ಯಾವ ಕಿವಿ ಯಾವ ಕಡೆ ತಿರುಗಿದೆ, ಯಾವ ಉಸಿರು ಎಲ್ಲಿ ತಡೆಯಿತು ಎಂದು ಬಲ್ಲವರು, ಸದಾ ಓಡಲು ಸಿದ್ಧರಾಗಿ ನಿಂತಿರುವ ಈ ಅಂಜುಕುಳಿಗಳು. ಅವರ ಅಂಜಿಕೆ ಸಾಯುವ ತನಕ ಹೋಗುವುದಿಲ್ಲ. ಆದರೆ ಎಲ್ಲರೂ ದೊಣ್ಣೆ ಎತ್ತಿದ ಹೊತ್ತಿನಲ್ಲಿ, ಎದುರಿಗಿರುವ ಜೀವಕ್ಕೆ ಬರೀ ನೋವಾಗಿದೆ ಎಂದು ಮೊದಲು ಕಾಣುವುದು ಅವರಿಗೇ.