ತೊಲೆಯ ಸೊಂಟ

"ತಲೆ ಕಡೆ ಎತ್ರಿ, ತಲೆ ಕಡೆ! ಗೋಡೆಗೆ ತಗಲ್ತಿದೆ!"

ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತ್ತು. ಲಿಫ್ಟಿನಲ್ಲಿ ಹಿಡಿಸದ ಹೆಣವನ್ನು ನಾಲ್ಕು ಜನ ಮೂರನೆಯ ಮಹಡಿಯಿಂದ ಹೊತ್ತು ಇಳಿಸುತ್ತಿದ್ದರು. ತಲೆಯ ಕಡೆ ಹಿಡಿದವನು ಸತ್ತವರ ಬಾಮೈದ, ವೆಲ್ಡರ್. ಹೊದಿಕೆಯಿಂದ ಜಾರಿದ ಭಾವನ ಕೈಯನ್ನು ಒಳಗೆ ಸೇರಿಸಲು ಹೋದವನು ಹಾಗೇ ಹಿಡಿದುಕೊಂಡು ನಿಂತ. ಅಂಗೈ ತುಂಬ ಜಡ್ಡು. ಜೀವಮಾನವಿಡೀ ಪೆನ್ಸಿಲ್ ಹಿಡಿದ ಎಂಜಿನಿಯರನ ಕೈ ತನ್ನ ಕೈಯಂತೆಯೇ ಇತ್ತು.

"ಏನಪ್ಪಾ, ನಿಂತೇಬಿಟ್ಟೆ? ನನ್ನ ಬೆನ್ನು ಹೋಗ್ತಿದೆ ಇಲ್ಲಿ," ಎಂದು ಕಾಲ ಕಡೆಯಿಂದ ಟೈಲರ್ ಏದುಸಿರು ಬಿಟ್ಟ. ಅವನದು ಎರಡನೆಯ ಮಹಡಿ, ಭಾವನ ಮನೆಗೆ ಸರಿಯಾಗಿ ಕೆಳಗೆ.

ಅಂಗಳಕ್ಕೆ ಇಳಿಸಿದರೆ ವ್ಯಾನ್ ಬಂದಿರಲಿಲ್ಲ. ಕಾಯುವ ಜನಕ್ಕೆ ಬಾಯಿ ಸುಮ್ಮನಿರುವುದಿಲ್ಲ.

"ಬಲ್ಬ್ ಹಾಕೋಕೆ ಏಣಿ ಹತ್ತಿ ಬಿದ್ರಂತೆ. ಈ ವಯಸ್ಸಲ್ಲಿ ಬೇಕಿತ್ತಾ?"

"ಹೇಳಿದ್ರೆ ಕೇಳೋ ಪೈಕಿನಾ ನಮ್ಮ ಭೂಕಂಪಣ್ಣ!" ಟೈಲರ್ ದನಿ ತಗ್ಗಿಸಿದ. "ಮಧ್ಯಾಹ್ನ ಆದ್ರೆ ಸಾಕು, ನನ್ನ ತಲೆ ಮೇಲೆ ಕರಕರ ಕರಕರ. ಇಲಿ ಇರ್ಬೇಕು ಸಾರ್ ಅಂದೆ. ಹೌದು, ಹಿಡೀತಾ ಇದೀನಿ ಅಂದ್ರು. ಇಷ್ಟು ವರ್ಷದಲ್ಲಿ ಒಂದೂ ಸಿಗಲಿಲ್ಲ ಪುಣ್ಯಾತ್ಮಂಗೆ."

ಎರಡು ಮೂರು ಜನ ಕೈ ಅಡ್ಡ ಹಿಡಿದು ನಕ್ಕರು. ಕಟ್ಟಡದ ಮಾಲೀಕ ಮುಂದೆ ಬಂದು ವೆಲ್ಡರನ ಬೆನ್ನು ತಟ್ಟಿದ.

"ಸೀಲಿಂಗ್ ಬಿಚ್ಚಿಸಿ, ಸೀಲಿಂಗ್ ಬಿಚ್ಚಿಸಿ ಅಂತ ನನ್ನ ತಲೆ ತಿಂದುಹಾಕಿದ್ರು ನಿಮ್ಮ ಭಾವ. ಪಾತ್ರೆ ಗಲಗಲ ಅಂದ್ರೂ ಸಾಕು, ಭೂಕಂಪ ಅಂತ ಓಡಿ ಬರೋರು. ಕಟ್ಟಡಕ್ಕೇನಾಗಿದೆ? ಬಂಡೆ ಹಾಗೆ ನಿಂತಿದೆ. ನೀನೇ ಅಲ್ವೇನೋ ಗಟ್ಟಿ ಮಾಡಿದ್ದು?"

ವೆಲ್ಡರನ ಕತ್ತು ತಾನಾಗಿಯೇ ಹೂಂ ಎಂದಿತು. ಆ ಕತ್ತನ್ನು ಹಿಸುಕಿಬಿಡಬೇಕು ಅನ್ನಿಸಿತು ಅವನಿಗೆ.

*

ಆಗ ಅವನಿಗೆ ಮೀಸೆ ಚಿಗುರಿದ ಪೊಗರು. ಭಾವ ತಾವೇ ವಿನ್ಯಾಸ ಮಾಡಿದ ಈ ಉಕ್ಕಿನ ಕಟ್ಟಡದ ಬೆಸುಗೆ ಕೆಲಸವನ್ನು ಹೇಳಿ ಕೊಡಿಸಿದ್ದರು. ತೊಲೆಗಳು ಬಂದಿಳಿದಾಗ ನೋಡಿದರೆ, ಪ್ರತಿಯೊಂದರ ತುದಿಯಲ್ಲೂ, ಕಂಬಕ್ಕೆ ಸೇರುವ ಜಾಗಕ್ಕೆ ತುಸು ಈಚೆ, ಅಂಚುಗಳನ್ನು ಮೇಲೂ ಕೆಳಗೂ ಸೊಂಟದ ಹಾಗೆ ಒಳಕ್ಕೆ ಕೊರೆದಿದ್ದರು. ಕೊಯ್ಯುವವನು ಕುಡಿದು ಕೆಲಸ ಕೆಡಿಸಿದ್ದಾನೆ ಎಂದುಕೊಂಡ. ನಕ್ಷೆ ಬಿಚ್ಚಿ ನೋಡಲಿಲ್ಲ. ಓದುವುದೆಂದರೆ ಆಗದು, ಕೇಳುವುದೆಂದರೆ ಅವಮಾನ. ಭಾವ ಊರಲ್ಲಿರಲಿಲ್ಲ. ಪ್ರತಿ ಸೊಂಟಕ್ಕೂ ಉಕ್ಕಿನ ತುಂಡು ಕೂರಿಸಿ ಬೆಸೆದ, ಉಜ್ಜಿದ, ಬಣ್ಣ ಬಳಿದ. ಭಾವ ಬರುವಷ್ಟರಲ್ಲಿ ಮೇಲೆ ಕಾಂಕ್ರೀಟ್ ಬಿದ್ದಾಗಿತ್ತು.

"ನೋಡಿ ಭಾವ, ನಿಮ್ಮ ಮಾನ ಉಳಿಸಿದೀನಿ."

ಭಾವ ತೊಲೆಯ ಮೇಲೆ ಕೈಯಾಡಿಸಿದರು. ಬಣ್ಣದ ಡಬ್ಬದ ಮೇಲೆ ಕೂತುಬಿಟ್ಟರು.

"ಅದು ನಾನೇ ಕೊರೆಸಿದ್ದು ಕಣೋ. ಭೂಮಿ ನಡುಗಿದಾಗ ಕಟ್ಟಡ ಎಲ್ಲಾದ್ರೂ ಒಂದು ಕಡೆ ಬಗ್ಗಲೇಬೇಕು. ಸೊಂಟದ ಹತ್ರ ಬಗ್ಗಲಿ, ಕಂಬದ ಬೆಸುಗೆ ಉಳೀಲಿ ಅಂತ ಮಾಡಿದ್ದೆ. ಈಗ ಬಗ್ಗೋಕೆ ಜಾಗನೇ ಇಲ್ಲ. ಬೆಸುಗೆ ಸೀಳತ್ತೆ."

"ಗಟ್ಟಿ ಮಾಡಿದ್ದು ತಪ್ಪಾ?"

"ಹೂಂ. ಮೇಲಿನದು ಕಾಂಕ್ರೀಟಲ್ಲಿ ಹೂತುಹೋಯ್ತು. ಕೆಳಗಿನದಾದ್ರೂ ಬಿಚ್ಚಬೇಕು."

ಮಾಲೀಕ ಬಿಚ್ಚಲು ಒಪ್ಪಲಿಲ್ಲ. ಗಟ್ಟಿಯಾದದ್ದಕ್ಕೆ ಅಳುವವನನ್ನು ಇವತ್ತೇ ನೋಡಿದ್ದು ಎಂದ. ಸರ್ಕಾರದವರಿಗೆ ತಿಳಿಸಿದರೆ ಬಾಮೈದನ ಕೆಲಸ ಹೋಗುತ್ತಿತ್ತು, ಜೈಲೂ ಆಗಬಹುದಿತ್ತು. "ನನ್ನ ತಮ್ಮನ ಬದುಕು ಮುರೀಬೇಡಿ," ಎಂದು ಅಕ್ಕ ಗಂಡನ ಕೈ ಹಿಡಿದು ಅತ್ತಳು. ಕಟ್ಟಡ ಸರಿಯಾಗಿದೆ ಎಂಬ ಪತ್ರಕ್ಕೆ ಭಾವ ಸಹಿ ಹಾಕಿದರು.

ಆಮೇಲೆ ಸ್ವಂತ ಮನೆ ಬಿಟ್ಟು ಇದೇ ಕಟ್ಟಡದ ಮೂರನೆಯ ಮಹಡಿಗೆ ಬಾಡಿಗೆಗೆ ಬಂದರು. ಯಾಕೆ ಎಂದವರಿಗೆ, ಗಾಳಿ ಚೆನ್ನಾಗಿದೆ ಎಂದರು. ಬಾಮೈದ ಮಾತ್ರ ಬಂದಾಗಲೆಲ್ಲ ಹೊಸ್ತಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದ. ಒಳಗೆ ಬಾರೋ ಎಂದು ಭಾವ ಒಮ್ಮೆಯೂ ಒತ್ತಾಯ ಮಾಡಲಿಲ್ಲ.

*

ಎಲ್ಲ ಮುಗಿಸಿ ಬಂದಾಗ ಇನ್ನೂ ಮಧ್ಯಾಹ್ನ. ಮೊದಲ ಸಲ ಅವನು ಹೊಸ್ತಿಲು ದಾಟಿದ.

ಭಾವನ ಕೋಣೆಯಲ್ಲಿ ಮಂಚ, ಮೇಜು, ಮೂಲೆಯಲ್ಲಿ ಆ ಏಣಿ. ಬಲ್ಬ್ ಇದ್ದದ್ದು ಬಾಗಿಲ ಮೇಲೆ, ಏಣಿಗೆ ಎದುರು ಗೋಡೆಯಲ್ಲಿ. ಸ್ವಿಚ್ ಒತ್ತಿದ. ಹತ್ತಿತು.

ಏಣಿಯ ಮೇಲೆ ಸೀಲಿಂಗಿನ ಒಂದು ಹಲಗೆಯ ಅಂಚು ಬೆರಳ ಗುರುತುಗಳಿಂದ ಕಪ್ಪಾಗಿತ್ತು. ಹತ್ತಿ ತಳ್ಳಿದ. ಒಳಗೆ ತೊಲೆ. ಅದರ ಕೆಳಗಿನ ಅಂಚಿನ ಒಂದು ಬದಿಯಲ್ಲಿ ಅವನ ಬೆಸುಗೆ ಇರಲಿಲ್ಲ. ಸೊಂಟದ ಬಾಗು ಮರಳಿ ಬಂದು ಹೊಳೆಯುತ್ತಿತ್ತು. ಯಂತ್ರದ ಹೊಳಪಲ್ಲ, ಗೀರಿನ ಮೇಲೆ ಗೀರು ಬಿದ್ದ ಹೊಳಪು. ಇನ್ನೊಂದು ಬದಿಯಲ್ಲಿ ಅವನದೇ ಉಕ್ಕಿನ ತುಂಡು, ಅರ್ಧ ಸವೆದಿತ್ತು. ಪಕ್ಕದಲ್ಲಿ ಉಕ್ಕು ಉಜ್ಜುವ ಒಂದು ಅರ, ಹಲ್ಲೆಲ್ಲ ತೇದು ಚಮಚದಂತೆ ನುಣ್ಣಗಾಗಿತ್ತು.

ಕಟ್ಟಡದಲ್ಲಿ ಇಂಥ ತುದಿಗಳೆಷ್ಟು ಎಂದು ಅವನಿಗೆ ಗೊತ್ತಿತ್ತು. ಬೆಸೆದವನು ಅವನೇ.

"ಬಲ್ಬ್ ಮೊದಲಿಂದ್ಲೂ ಸರಿಯಾಗೇ ಇತ್ತು ಕಣೋ."

ಬಾಗಿಲಲ್ಲಿ ಅಕ್ಕ ನಿಂತಿದ್ದಳು.

"ನಿಂಗೆ ಗೊತ್ತಿತ್ತಾ?"

"ದಿನಾ ದಿಂಬಿನ ಮೇಲೆ ಕಬ್ಬಿಣದ ಪುಡಿ ಬೀಳ್ತಿತ್ತು. ಗುಡಿಸ್ತಿದ್ದೆ. ಏನೂಂತ ಕೇಳ್ಲಿಲ್ಲ."

ಅವನು ಮತ್ತೆ ಮೇಲಕ್ಕೆ ತಿರುಗಿದ. ಸೀಲಿಂಗಿನ ಹಲಗೆಯನ್ನು ಕಿತ್ತು ನೆಲಕ್ಕೆ ಎಸೆದ. ಇನ್ನೊಂದು. ಮತ್ತೊಂದು. ಸದ್ದಿಗೆ ಮಾಲೀಕ ಏದುತ್ತ ಹತ್ತಿ ಬಂದ. ಹಿಂದೆಯೇ ಟೈಲರ್.

"ಏಯ್, ತಲೆ ಕೆಟ್ಟಿದೆಯಾ? ನನ್ನ ಕಟ್ಟಡಕ್ಕೆ ಏನ್ ಮಾಡ್ತಿದೀಯ?"

"ಮಾಡಿ ಆಗಿದೆ. ಈಗ ಬಿಚ್ತಿದೀನಿ."

"ಇಳಿಯೋ ಕೆಳಗೆ! ಪೊಲೀಸ್ ಕರೆಸ್ತೀನಿ!"

"ಕರೆಸಿ. ಅವರಿಗೂ ತೋರಿಸ್ಬೇಕು. ಟೈಲರಣ್ಣ, ಇಲಿ ಇದೆ ಅಂತಿದ್ರಲ್ಲ, ಬನ್ನಿ, ನೋಡಿ."

ಟೈಲರ್ ಕತ್ತೆತ್ತಿ ನೋಡಿದ.

ವೆಲ್ಡರನ ಗ್ರೈಂಡರ್ ಅಂಗಡಿಯಲ್ಲಿತ್ತು. ಅದನ್ನು ತರುವವರೆಗೆ ಕೈ ಸುಮ್ಮನಿರಲಾರದೆ ಆ ಸವೆದ ಅರವನ್ನೇ ಎತ್ತಿ ತೊಲೆಗೆ ಒತ್ತಿದ. ಮೊದಲು ಜಾರಿತು. ಮೈಭಾರವೆಲ್ಲ ಹಾಕಿದ. ಕರ ಎಂದಿತು.

ಏಣಿ ಅಲುಗಿತು. ಅಕ್ಕ ಬಂದು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಳು. ಮೇಲಿನಿಂದ ಉದುರಿದ ಕಬ್ಬಿಣದ ಪುಡಿ ಅವಳ ಬಿಳಿಗೂದಲ ಮೇಲೆ ಕೂರತೊಡಗಿತು. ಅವಳು ತಲೆ ಕೊಡವಲಿಲ್ಲ.