ಬಾಗಿಲ ಮೇಲಿನ ಹಂಸಗಳು

ಹೊಸ ಗುಡಿಯ ಆ ಹಿತ್ತಾಳೆ ಬಾಗಿಲಿನ ದುಡ್ಡಿಗೆ ಒಂದು ಮನೆ ಏಳುತ್ತಿತ್ತು, ನೆಲದ ಗ್ರಾನೈಟಿನ ದುಡ್ಡಿಗೆ ಇನ್ನೊಂದು, ಮೈಕಿಗೆ ಕೊಟ್ಟಿದ್ದಂತೂ ನೀರಿಗೆ ಹಾಕಿದ ಹಾಗೆ — ಮೈಕು ಹಿಡಿದವರು ನಮ್ಮ ಭಾವನವರಲ್ಲವೇ, ಸಮಿತಿಯ ಅಧ್ಯಕ್ಷರು, ಕೊರಳ ನರ ಉಬ್ಬಿಸಿ ಕೂಗುತ್ತಿದ್ದಾರೆ, ಅವತ್ತು ದಂಡು ಬಂದು ಗುಡಿ ಕೆಡವಿತು, ಇವತ್ತು ನಾವು ಕಟ್ಟಿದೀವಿ, ಚಪ್ಪಾಳೆ, ಹೊಡೆಯಿರಿ ಹೊಡೆಯಿರಿ, ದಂಡು ಒಡೆದದ್ದು ಮೂರ್ತಿ ಮತ್ತು ಶಿಖರ, ಮಿಕ್ಕಿದ್ದನ್ನೆಲ್ಲ ಆಮೇಲೆ ಗಾಡಿ ಕಟ್ಟಿಕೊಂಡು ಹೊತ್ತವರು ನಮ್ಮ ಮನೆಯ ಹಿರಿಯರೇ ಅಲ್ಲವೇ ಭಾವ, ನಿಮ್ಮ ಪಾಲಿಗೆ ಬಂದು ಗೋದಾಮಿನಲ್ಲಿ ನಿಂತ ಗುಡಿ ಕಂಬಗಳು ಬಾಯಿಬಿಡುವುದಿಲ್ಲ, ಗಾರೆ ಮೆತ್ತಿಸಿದ್ದೀರಲ್ಲ, ಜಾಣರು — ನಮ್ಮ ಪಾಲಿಗೆ ಬಂದದ್ದು ಬಾಗಿಲ ಮೇಲಿನ ಅಡ್ಡಗಲ್ಲು, ಮಾವ ಅದನ್ನು ಬಟ್ಟೆ ಒಗೆಯಲು ಬಚ್ಚಲಿಗೆ ಹಾಕಿಸಿದರು, ಅತ್ತೆ ಮಾತ್ರ ಹಟ ಹಿಡಿದು ಚಿತ್ರದ ಮುಖ ಕೆಳಗೆ ಮಾಡಿಸಿದರಂತೆ, ನೊರೆ ಬೀಳಬಾರದು, ಕಾಲು ತಾಗಬಾರದು, ಸಾಯುವಾಗಲೂ ಅದೇ ಮಾತು, ಗುಡಿ ಮತ್ತೆ ಎದ್ರೆ ಅದನ್ನ ಬಾಗಿಲ ಮೇಲೇ ಇಡಿಸು ಕಣೇ, ನಂಗೆ ಬೇರೇನೂ ಬೇಡ, ಆಯ್ತತ್ತೆ ಅಂದಿದ್ದೆ. ಹೋದ ಬೇಸಿಗೆಯಲ್ಲಿ ಸಮಿತಿಯವರು ಗುಡಿಗೆಂದು ಕಲ್ಲನ್ನು ಎಬ್ಬಿಸಿ ಮಗುಚಿದಾಗ ಎರಡು ಹಂಸ, ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡು, ಒದ್ದೆ ಮಣ್ಣಿನೊಳಗಿಂದ, ನಿನ್ನೆ ಕೆತ್ತಿದ ಹಾಗೆ, ಇವುಗಳ ಬೆನ್ನ ಮೇಲೆಯೇ ನಾನು ಇಷ್ಟು ವರ್ಷ ಗಂಡನ ಅಂಗಿ ಕುಕ್ಕಿದ್ದು — ಈಗ ಬಾಗಿಲ ಮೇಲೆ ನೋಡಿದರೆ ಭಾವನವರ ಹೆಸರು, ಚಿನ್ನದ ಬಣ್ಣದಲ್ಲಿ, ಹಂಸಕ್ಕಿಂತ ಕೊಬ್ಬಿದ ಅಕ್ಷರ. ಬೆಳಗ್ಗೆ ಕಂಟ್ರಾಕ್ಟರನನ್ನು ಹಿಡಿದು ಕೇಳಿದೆ, ನಮ್ಮ ಕಲ್ಲು ಎಲ್ಲಪ್ಪಾ, ಅದಾ ಅಕ್ಕ, ಹೊಸ ಬಾಗಿಲು ದೊಡ್ಡದು, ಅಳತೆ ಕೂಡ್ಲಿಲ್ಲ, ಚಪ್ಪಲಿ ಬಿಡೋ ಕಡೆ ಮೆಟ್ಟಿಲು ಮಾಡಿದೀವಿ, ಚಿತ್ರ ಮೇಲೇ ಇದೆ ನೋಡಿ, ಚೆನ್ನಾಗೂ ಕಾಣುತ್ತೆ, ಕಾಲೂ ಜಾರಲ್ಲ. ಕಾಲೂ ಜಾರುವುದಿಲ್ಲವಂತೆ! ಹಂಸದ ಕೊರಳ ಮೇಲೆ ಯಾರದೋ ಬೂಟು. ಹಾಗಾದ್ರೆ ನಮ್ಮನೆಗೇ ವಾಪಸ್ ಕೊಡು ಅಂದೆ. ಅಯ್ಯೋ ಅಕ್ಕ, ಕಾಂಕ್ರೀಟಲ್ಲಿ ಕೂರಿಸಿಬಿಟ್ಟಿದೀವಲ್ಲ, ಕಿತ್ರೆ ಎರಡು ತುಂಡು — ಕದ್ದವರ ಬಚ್ಚಲಲ್ಲಿ ಮರ್ಯಾದೆಯಿಂದ ಇತ್ತು, ಭಕ್ತರ ಕೈಗೆ ಸಿಕ್ಕಿ ಹೀಗಾಯಿತು, ಭಾಷಣ ಮುಗಿಯಿತು, ಭಾವನವರು ಇಳಿದು ಬರುತ್ತಿದ್ದಾರೆ, ಅದೇ ಮೆಟ್ಟಿಲ ಮೇಲೆ ನಿಂತು ಬೂಟಿನೊಳಗೆ ಕಾಲು ತೂರಿಸುತ್ತಿದ್ದಾರೆ, ಏನಮ್ಮಾ, ಹೇಗಿದೆ ನಮ್ಮ ಗುಡಿ — ಊರಿಗೆ ಗುಡಿ ಸಿಕ್ಕಿತು, ನಾನು ಅತ್ತೆಗೆ ಕೊಟ್ಟ ಮಾತು ಹೋಯಿತು, ಹಿಮ್ಮಡಿ ಒಳಗೆ ಹೋಗದೆ ಅವರು ಒತ್ತುತ್ತಲೇ ಇದ್ದಾರೆ, ಹಂಸದ ಕೊರಳ ಮೇಲೆ ಬೂಟು, ಕೊರಳ ಮೇಲೆ ಬೂಟು