ಮೂರನೇ ಹಾಡಿನ ಕುಂಟು ಏಟು

ಮೂರನೇ ಹಾಡು ಅರ್ಧಕ್ಕೆ ಬಂದಿತ್ತು. ನರ್ಸಮ್ಮನ ಕೈಯಲ್ಲಿದ್ದ ಟೀ ಲೋಟ ಬಾಯಿಗೂ ಹೋಗದೆ ಮೇಜಿಗೂ ಇಳಿಯದೆ ನಡುವೆಯೇ ನಿಂತುಬಿಟ್ಟಿತು. ಟಿವಿಯಲ್ಲಿ ಉದ್ದ ಕೂದಲಿನ ಡ್ರಮ್ಮರ್ ಬೆವರಿನಲ್ಲಿ ಮಿಂದು ಬಾರಿಸುತ್ತಿದ್ದ. ಅವನ ಮುಖವನ್ನು ಅವಳು ಮಗನ ಕೋಣೆಯ ಪೋಸ್ಟರಿನಲ್ಲಿ ಕಂಡದ್ದಷ್ಟೇ. ಆದರೆ ಕಿವಿಗೆ ಬೀಳುತ್ತಿದ್ದ ಏಟು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು. ಸರಸರನೆ ಓಡಿಬಂದು, ಕೊನೆಗೆ ಕೂದಲೆಳೆಯಷ್ಟು ತಡವಾಗಿ, ಕುಂಟುತ್ತಾ ಬೀಳುವ ಏಟು.

ಅವಳಿಗಿಂತ ಅವಳ ಬೆನ್ನಿಗೆ ಅದು ಹೆಚ್ಚು ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಅವಳು ಡ್ಯೂಟಿ ಮುಗಿಸಿ ಬಂದು, ಕಾಲು ಸೋತು ಬೋರಲು ಬಿದ್ದುಕೊಂಡರೆ, ಗಂಡ ಬೆನ್ನ ಮೇಲೆ ಎರಡೂ ಕೈಗಳ ಬೆರಳಿನಿಂದ ಮೆಲ್ಲಗೆ ತಾಳ ಹಾಕಿ ನಿದ್ದೆ ಬರಿಸುತ್ತಿದ್ದ. ಎಡಗೈಯ ಉಂಗುರದ ಬೆರಳು ಯಾವಾಗಲೂ ಉಳಿದ ಬೆರಳುಗಳಿಗಿಂತ ಒಂದು ಹೆಜ್ಜೆ ಹಿಂದೆ. ಮಗ ಕೂಸಾಗಿದ್ದಾಗ ತೇಗು ಬರಿಸಲು ಹೆಗಲ ಮೇಲೆ ಹಾಕಿಕೊಂಡು ತಟ್ಟುತ್ತಿದ್ದುದೂ ಹಾಗೆಯೇ.

ನರ್ಸಮ್ಮ ಗಂಡನ ಕಡೆ ತಿರುಗಿದಳು. ಅವನು ಟಿವಿ ನೋಡುತ್ತಿರಲಿಲ್ಲ. ಎರಡೂ ಕೈಗಳನ್ನು ತೊಡೆಯಡಿ ತೂರಿಸಿಕೊಂಡು, ತಪ್ಪು ಮಾಡಿದ ಮಕ್ಕಳು ಮೇಷ್ಟರ ಮುಂದೆ ಕೂರುವಂತೆ ಕೂತು, ನೆಲ ನೋಡುತ್ತಿದ್ದ.

ಬೀದಿಯವರು ಅವಳನ್ನು ನರ್ಸಮ್ಮ ಎನ್ನುತ್ತಿದ್ದುದು ಸುಮ್ಮನೆ ಅಲ್ಲ. ಹೃದಯದ ವಾರ್ಡಿನಲ್ಲಿ ತಲೆ ಬೆಳ್ಳಗಾಗುವವರೆಗೆ ದುಡಿದವಳು. ರೋಗಿಯ ಮುಖ ಮರೆತರೂ ಅವನ ನಾಡಿ ಎಲ್ಲಿ ಎಡವುತ್ತಿತ್ತು ಎಂಬುದು ಅವಳಿಗೆ ನೆನಪಿರುತ್ತಿತ್ತು. ಗಂಡನದು ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊದಿಸುವ ಅಂಗಡಿ. ಬಾಯಿ ತುಂಬ ಸಣ್ಣ ಮೊಳೆ ಇಟ್ಟುಕೊಂಡು ಒಂದೊಂದಾಗಿ ತೆಗೆದು ಬಡಿಯುವ ಕೆಲಸ. "ನಮ್ಮನೆಯವರ ಬಾಯಲ್ಲಿ ಯಾವಾಗ್ಲೂ ಮೊಳೆ, ಮಾತು ಎಲ್ಲಿಂದ ಬರ್ಬೇಕು" ಎಂದು ನಗಾಡಿಕೊಂಡೇ ಅವಳು ಸಂಸಾರ ಮಾಡಿದ್ದಳು. ಮದುವೆಗೆ ಮುಂಚೆ ಸ್ಟುಡಿಯೋಗಳಲ್ಲಿ ಕೂಲಿಗೆ ಡ್ರಮ್ ಬಾರಿಸುತ್ತಿದ್ದೆ ಎಂದು ಅವನು ಒಮ್ಮೆ ಹೇಳಿದ್ದುಂಟು. ಯಾರಿಗೆ ಎಂದು ಕೇಳಿದ್ದಕ್ಕೆ "ಯಾರ್ಯಾರಿಗೋ" ಅಂದಿದ್ದ. ಅಲ್ಲಿಗೆ ಆ ಮಾತು ಮುಗಿದಿತ್ತು.

ಈ ರಾಕ್ ತಂಡದ ಹುಚ್ಚು ಮಗನಿಗೆ ಹತ್ತಿದ್ದು ಮೀಸೆ ಚಿಗುರುವ ವಯಸ್ಸಿನಲ್ಲಿ. ಅವನು ಹುಟ್ಟುವ ಮುಂಚೆ ಆ ತಂಡ ಇದೇ ಊರಿನ ಕ್ರೀಡಾಂಗಣದಲ್ಲಿ ಹಾಡಿತ್ತು, ಅದನ್ನು ಸಿನಿಮಾ ಮಾಡಿದ್ದರು. ಎಲ್ಲಿಂದಲೋ ಅದನ್ನು ಸಂಪಾದಿಸಿಕೊಂಡು ಬಂದ. ಮನೆಯಲ್ಲಿ ಗಲಾಟೆ ಕೂಡದು ಎಂದು ನರ್ಸಮ್ಮನ ಕಟ್ಟಪ್ಪಣೆ. ಹಾಗಾಗಿ ಹೆಡ್‌ಫೋನ್ ಹಾಕಿಕೊಂಡೇ ಸವೆಯುವಷ್ಟು ನೋಡಿದ. ಮೂರನೇ ಹಾಡಿನ ಕುಂಟು ಏಟನ್ನು ಲೋಕದ ಡ್ರಮ್ಮರುಗಳೆಲ್ಲ ಕಲಿಯಲು ಹೆಣಗುತ್ತಾರಂತೆ. ಇವನೂ ಹೆಣಗಿದ. ಬಾಗಿಲು ಹಾಕಿಕೊಂಡು, ಡ್ರಮ್ಮಿನ ಮೇಲೆ ಹಳೇ ಟವೆಲು ಹಾಸಿಕೊಂಡು ಹೆಣಗಿದ. ಗೋಡೆಯ ಈಚೆಗೆ ನರ್ಸಮ್ಮನಿಗೆ ಕೇಳುತ್ತಿದ್ದುದು ಅವನ ಸೋಲು ಮಾತ್ರ. ಚೆನ್ನಾಗಿ ನಡೆಯುವವನು ಬೇಕೆಂದೇ ಕುಂಟಿದ ಹಾಗೆ ಇರುತ್ತಿತ್ತು.

ದೊಡ್ಡವನಾಗಿ ಒಂದು ಹೋಟೆಲಿನ ಬ್ಯಾಂಡಿಗೆ ಸೇರಿದ. ಅಲ್ಲಿ ಊಟಕ್ಕೆ ಬಂದವರು ತಟ್ಟೆ ನೋಡುತ್ತಿದ್ದರೇ ಹೊರತು ಇವನನ್ನಲ್ಲ. ಕಳೆದ ತಿಂಗಳು ಆ ಡ್ರಮ್ಮರ್ ತೀರಿಕೊಂಡ ಸುದ್ದಿ ಬಂತು. ಅವತ್ತು ಮಗ ಹೋಟೆಲಿಗೂ ಹೋಗಲಿಲ್ಲ. "ಸಾಕಮ್ಮ. ಅದು ಹುಟ್ಟಿನಿಂದ ಬರ್ಬೇಕು. ನನ್ನ ಕೈಯಲ್ಲಿಲ್ಲ" ಎಂದು ಡ್ರಮ್ ಮಾರಲು ಹೊರಟ. ಸೊಸೆಗೆ ದಿನ ತುಂಬುತ್ತಿತ್ತು. ಹುಟ್ಟುವ ಮಗುವಿಗೆ ಜಾಗ ಬೇಕಲ್ಲ ಎನ್ನುವುದು ನೆಪವಾಯಿತು. ಒಂದು ಶಾಲೆಯ ಸಂಗೀತದ ಮೇಷ್ಟರು ಕೊಳ್ಳಲು ಒಪ್ಪಿ, ಇವತ್ತು ಸಂಜೆಗೆ ವ್ಯಾನು ತರುತ್ತೇನೆಂದಿದ್ದರು.

ಡ್ರಮ್ಮುಗಳು ಬಾಗಿಲ ಪಕ್ಕ ಮೂಟೆಗಳಾಗಿ ಕೂತಿದ್ದವು. ಯಾರೂ ಕೇಳದೆಯೇ ಗಂಡ ಅಂಗಡಿಯಲ್ಲಿದ್ದ ದಪ್ಪ ಬಟ್ಟೆ ತಂದು, ಒಂದೊಂದಕ್ಕೂ ಅಳತೆಗೆ ತಕ್ಕ ಗವಸು ಮಾಡಿ, ಅದರ ಬಾಯಿಗೂ ಜೋಡಿ ಹೊಲಿಗೆ ಹಾಕಿ ಮುಚ್ಚಿಬಿಟ್ಟಿದ್ದ. "ಮಾವ, ಇಷ್ಟು ಗಟ್ಟಿ ಹೊಲಿದ್ರೆ ಆ ಮೇಷ್ಟ್ರು ಬಿಚ್ಚೋದು ಹೇಗೆ?" ಎಂದು ಸೊಸೆ ನಕ್ಕಿದ್ದಳು. ಅವನು ಹೊಲಿಯುತ್ತಲೇ ಇದ್ದ. ಬಾಯಲ್ಲಿ ಸೂಜಿಯಿತ್ತು.

ಡ್ರಮ್ಮರ್ ಸತ್ತ ಮೇಲೆ ಆ ಹಳೆಯ ಸಿನಿಮಾವನ್ನು, ಚಿತ್ರ ಸದ್ದು ಎರಡನ್ನೂ ತೊಳೆದು ಹೊಳಪು ಕೊಟ್ಟು, ಹೊಸದಾಗಿ ಬಿಟ್ಟಿದ್ದರು. "ಮೇಷ್ಟ್ರು ಬರೋದ್ರೊಳಗೆ ಎಲ್ಲರೂ ಕೂತು ಒಂದ್ಸಲ ನೋಡೋಣ. ಮರ್ಯಾದೆಯಾಗಿ ಕಳಿಸಿಕೊಡೋಣ" ಎಂದು ಸೊಸೆಯೇ ದೊಡ್ಡ ಸ್ಪೀಕರುಗಳನ್ನು ಜೋಡಿಸಿದ್ದಳು. ಗಂಡ ಅಂಗಡಿ ಕಡೆ ಹೊರಟಿದ್ದ. ಹಿಂದೆಲ್ಲ ಮಗ ಆ ಸಿನಿಮಾ ಹಾಕಿದಾಗಲೂ ಅವನಿಗೆ ಹೊರಗೆ ಏನಾದರೊಂದು ಕೆಲಸ ಇದ್ದೇ ಇರುತ್ತಿತ್ತು. ಈ ಸಲ ನರ್ಸಮ್ಮನೇ ರಟ್ಟೆ ಹಿಡಿದು ಕೂರಿಸಿದ್ದಳು.

"ನಿಲ್ಸು," ಅಂದಳು ನರ್ಸಮ್ಮ ಈಗ.

ಮಗ ರಿಮೋಟ್ ತೆಗೆದುಕೊಂಡ. "ಯಾಕಮ್ಮ, ತಲೆನೋವಾ? ಸೌಂಡ್ ಕಮ್ಮಿ ಮಾಡ್ತೀನಿ."

"ಕಮ್ಮಿ ಮಾಡ್ಬೇಡ. ಸ್ವಲ್ಪ ಹಿಂದಕ್ಕೆ ಹಾಕು."

ಅಮ್ಮನಿಗೂ ಕೊನೆಗೆ ರುಚಿ ಹತ್ತಿತು ಎಂದು ಮಗನಿಗೆ ಖುಷಿಯೇ ಆಯಿತು. ಹಿಂದಕ್ಕೆ ಹಾಕಿದ. ನರ್ಸಮ್ಮ ನಾಡಿ ಹಿಡಿಯುವಾಗ ಮಾಡುತ್ತಿದ್ದಂತೆ ಕಣ್ಣು ಮುಚ್ಚಿದಳು. ಏಟು ಬಂತು. ಇನ್ನೊಮ್ಮೆ ಹಾಕಿಸಿದಳು; ಮತ್ತೆ ಬಂತು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಕೈಯಲ್ಲಿದ್ದ ಲೋಟ ವಾಲಿ ಟೀ ಮಡಿಲಿಗೆ ಚೆಲ್ಲಿತು. ಅದು ಬಿಸಿಯೋ ತಣ್ಣಗೋ ಅವಳಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಇನ್ನೊಂದು ನೆನಪಾಯಿತು. ಗಂಡ ಬೆರಳಾಡಿಸುವುದನ್ನು ಯಾವತ್ತೋ ನಿಲ್ಲಿಸಿಬಿಟ್ಟಿದ್ದ. ಊಟದ ಮೇಜಿನ ಮೇಲಿಲ್ಲ, ಕಿಟಕಿಯ ಸರಳಿನ ಮೇಲಿಲ್ಲ, ಅವಳ ಬೆನ್ನ ಮೇಲೂ ಇಲ್ಲ. ವಯಸ್ಸಾಯಿತು, ನನ್ನ ಮೇಲಿನ ಆಸೆಯೂ ಇಳಿಯಿತೇನೋ ಎಂದುಕೊಂಡು ಅವಳು ಒಳಗೊಳಗೇ ನೊಂದಿದ್ದಳು. ಮಗ ಈ ಸಿನಿಮಾ ಮನೆಗೆ ತಂದದ್ದು ಅದೇ ವರ್ಷ. ಅಂದರೆ ಗಂಡ ತನ್ನದೇ ಮನೆಯಲ್ಲಿ, ತನ್ನದೇ ಮಗನ ಕಿವಿಯಿಂದ ಕೈ ಬಚ್ಚಿಟ್ಟುಕೊಂಡು ಬದುಕಿದ್ದ.

"ರೀ, ಕೈ ಈಚೆ ತೆಗೀರಿ."

"ಯಾಕೆ?"

"ತೆಗೀರಿ ಅಂದೆ."

ಅವನು ಅಲ್ಲಾಡಲಿಲ್ಲ. ನರ್ಸಮ್ಮ ಎದ್ದು ಹೋಗಿ ಅವನ ಎಡಗೈಯನ್ನು ಎಳೆದು ಟೀಪಾಯಿಯ ಮೇಲಿಟ್ಟಳು. ಉಂಗುರದ ಬೆರಳು ನಡುಗೆಣ್ಣಿನಲ್ಲಿ ಸೊಟ್ಟ. ಸ್ಟುಡಿಯೋ ಕಾಲದಲ್ಲಿ ಕಬ್ಬಿಣದ ಬಾಗಿಲಿಗೆ ಸಿಕ್ಕಿ ಜಜ್ಜಿಹೋಗಿತ್ತಂತೆ. ಮದುವೆಯ ಉಂಗುರ ಆ ಗೆಣ್ಣು ದಾಟದೆ, ನೆಂಟರೆಲ್ಲ ನಗುತ್ತಿರುವಾಗ, ಬಲಗೈಗೆ ತೊಡಿಸಿದ್ದಳು.

"ಬಾರ್ಸಿ. ನನ್ನ ಬೆನ್ನ ಮೇಲೆ ಬಾರಿಸ್ತಿದ್ರಲ್ಲ, ಹಾಗೆ."

ಸೊಸೆ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು. ಅತ್ತೆಯ ಮುಖ ನೋಡಿದ ಮೇಲೆ ಆ ಕೈ ಬಾಯ ಮೇಲೇ ಉಳಿಯಿತು.

"ಬೇಡ ಬಿಡು," ಅಂದ ಗಂಡ.

"ನೀವೇನಾ?"

"ಏನಮ್ಮ ಇದು, ನೀವೇನಾ ಅಂದ್ರೆ?" ಎಂದ ಮಗ.

"ಈ ಸಿನಿಮಾದಲ್ಲಿ ಬಾರಿಸಿರೋದು ನಿಮ್ಮಪ್ಪ."

ಮಗ ಜೋರಾಗಿ ನಕ್ಕ. "ಅಮ್ಮಾ, ಯಾರು ಬಾರಿಸ್ತಿದ್ದಾರೆ ಅಂತ ಕಣ್ಣಿಗೆ ಕಾಣ್ತಿಲ್ವಾ?"

"ಕಾಣ್ತಿರೋನು ಅವನು. ಕೇಳ್ತಿರೋದು ಇವರು."

ನಗು ಇನ್ನೂ ಮುಖದ ಮೇಲಿರುವಾಗಲೇ ಮಗ ಅಪ್ಪನ ಕಡೆ ನೋಡಿದ. ಈಗ ಅಪ್ಪ ಒಂದು ಮಾತು ಹೇಳಿ ಅಮ್ಮನ ಬಾಯಿ ಮುಚ್ಚಿಸುತ್ತಾರೆ ಎಂದು ಕಾದ. ಅಪ್ಪ ಟೀಪಾಯಿಯ ಮೇಲಿದ್ದ ತನ್ನ ಕೈಯನ್ನೇ, ಬೇರೆ ಯಾರದೋ ವಸ್ತು ಎಂಬಂತೆ ನೋಡುತ್ತಾ, "ಹೂಂ" ಅಂದ.

ಮಗನ ನಗು ಇಳಿದುಹೋಯಿತು. ಅವನು ನಿಲ್ಲಿಸಿದ್ದ ಚಿತ್ರದಲ್ಲಿ ಸತ್ತವನ ಎರಡೂ ಕೋಲುಗಳು ಗಾಳಿಯಲ್ಲೇ ಎತ್ತಿಹಿಡಿದಂತೆ ಉಳಿದಿದ್ದವು.

"ಆವತ್ತು ಕ್ರೀಡಾಂಗಣದಲ್ಲಿ ಅವನ ಕೈ ನಡುಗ್ತಿತ್ತು," ಎಂದು ಗಂಡ ಶುರುಮಾಡಿದ. ಅವನು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನರ್ಸಮ್ಮ ಕೇಳಿದ್ದೇ ಇಲ್ಲ. "ಕುಡಿತ. ಚಿತ್ರ ಚೆನ್ನಾಗಿ ಬಂತು, ಡ್ರಮ್ ಸದ್ದು ಮಾತ್ರ ಹಾಳಾಗಿತ್ತು. ಸ್ಟುಡಿಯೋಗೆ ಬಾ ಅಂದ್ರು, ಹೋದೆ. ಗೋಡೆ ಮೇಲೆ ಸದ್ದಿಲ್ಲದೆ ಸಿನಿಮಾ ಓಡ್ತಿತ್ತು. ಅವನ ಕೈ ಬಿದ್ದಾಗ ನನ್ನ ಕೋಲು ಬೀಳ್ಬೇಕು, ಅಷ್ಟೇ ಕೆಲಸ. ಅವನೂ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ದ. ನನ್ನ ಬೆರಳಿನ ಗಾಯ ಇನ್ನೂ ಹಸಿ. ಎಡಗೈ ಕೋಲು ಆ ಬೆರಳ ಮೇಲೇ ಕೂರೋದು. ಮೂರನೇ ಹಾಡಲ್ಲಿ ತಡ ಆಗೋಯ್ತು. ಇನ್ನೊಂದ್ಸಲ ಬಾರಿಸ್ತೀನಿ ಅಂದೆ. ಬೇಡ, ಹಾಗೇ ಇರ್ಲಿ ಅಂದ. ಆಮೇಲೆ ಅವನೇ ಅದನ್ನ ಕಲಿತ್ಕೊಂಡ."

"ತಪ್ಪಾ ಅದು?" ಎಂದ ಮಗ.

"ತಪ್ಪೇ."

"ನಾನು ಆ ತಪ್ಪನ್ನ..." ಎಂದು ಮಗ ಅಲ್ಲಿಗೇ ನಿಲ್ಲಿಸಿ ತನ್ನ ಅಂಗೈಗಳನ್ನು ನೋಡಿಕೊಂಡ. ಕೋಲು ಹಿಡಿದು ಹಿಡಿದು ಗಟ್ಟಿಯಾದ ಚರ್ಮ. ಬೆರಳುಗಳೆಲ್ಲ ನೆಟ್ಟಗೆ, ಉದ್ದಕ್ಕೆ, ಒಂದೂ ಊನವಿಲ್ಲದೆ ಇದ್ದವು.

"ಒಂದ್ಸಲ ಹೇಳಿದ್ದೆ ನಿನಗೆ. ಅದು ತಪ್ಪು, ಬಿಟ್ಬಿಡು, ನಿಂದು ನೀನು ಬಾರ್ಸು ಅಂತ."

ಹೇಳಿದ್ದು ನಿಜ. ನರ್ಸಮ್ಮನಿಗೆ ಆ ದಿನ ಕಣ್ಣಿಗೆ ಕಟ್ಟಿದಂತಾಯಿತು. "ಸೋಫಾಗೆ ಮೊಳೆ ಹೊಡೆಯೋರಿಗೆ ಇದೆಲ್ಲ ಏನು ಗೊತ್ತು" ಎಂದು ಮಗ ಕಿರುಚಿ, ಎಷ್ಟೋ ದಿನ ಅಪ್ಪನ ಜೊತೆ ಮಾತು ಬಿಟ್ಟಿದ್ದ. ಅವಳೂ ಮಗನ ಕಡೆಗೇ ನಿಂತು "ಗೊತ್ತಿಲ್ಲದ್ದಕ್ಕೆ ಯಾಕ್ರೀ ಬಾಯಿ ಹಾಕ್ತೀರಿ" ಅಂದಿದ್ದಳು. ಗಂಡ ಆಗ ಎದ್ದು ಅಂಗಡಿಗೆ ಹೋಗಿದ್ದ. ಈಗ ಆ ಮಾತು ತಿರುಗಿ ಬಂದು ಅವಳ ಕೆನ್ನೆಗೇ ಬಾರಿಸಿತು.

"ನನಗಾದ್ರೂ ಹೇಳ್ಬಾರದಿತ್ತಾ?" ಎಂದಳು. "ಒಂದೇ ಮಂಚದಲ್ಲಿ ಮಲಗಿದೀನಿ ನಾನು."

"ಮಾತು ಕೊಟ್ಟಿದ್ದೆ. ಅವನು ಬದುಕಿರೋವರೆಗೂ ಬಾಯಿ ಬಿಡಲ್ಲ ಅಂತ. ಅವನಿಗೊಬ್ಬ ಸಣ್ಣ ಮಗ ಇದ್ದ. ಅಪ್ಪ ಬಾರಿಸಿದ್ದಲ್ಲ ಅಂತ ಆ ಹುಡುಗನಿಗೆ ಗೊತ್ತಾಗ್ಬಾರದು ಅಂತ ನನ್ನ ಕೈ ಹಿಡ್ಕೊಂಡು ಅತ್ತುಬಿಟ್ಟ."

"ಅವನ ಮಗನ್ನ ಕಾಪಾಡಿದ್ರಿ," ಅಂದಳು ನರ್ಸಮ್ಮ. "ನಮ್ಮ ಮಗ ಪಕ್ಕದ ಕೋಣೇಲಿ ನಾನು ಯಾತಕ್ಕೂ ಬಾರದೋನು ಅಂತ ಕೊರಗ್ತಿದ್ದ. ಅವನ ಮುಂದೆ ಮಾತ್ರ ನೀವು ಬಾಯಲ್ಲಿ ಮೊಳೆ ಕಚ್ಕೊಂಡು ಕೂತ್ರಿ."

ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಕೇಳಿದಳು. "ಮಾವ, ಅವರು ಹೋಗಿ ತಿಂಗಳಾಯ್ತಲ್ಲ. ಆಮೇಲಾದ್ರೂ ಯಾಕೆ ಹೇಳ್ಲಿಲ್ಲ?"

"ದಿನಾ ಹೇಳೋಣ ಅಂತಲೇ ಮನೆಗೆ ಬರ್ತಿದ್ದೆ ಕಣಮ್ಮ. ಯಾರು ನಂಬ್ತಾರೆ ಅನ್ನಿಸ್ತು. ಅದೂ ಅಲ್ಲ. ಇವನು ಇಷ್ಟು ವರ್ಷ ದೇವರು ಅಂದ್ಕೊಂಡಿದ್ದೋನನ್ನ ಎಬ್ಬಿಸಿ, ಆ ಜಾಗದಲ್ಲಿ ನಾನು ಹೋಗಿ ಕೂರೋದಾ? ನಾಚಿಕೆ ಆಯ್ತು." ಬಾಗಿಲ ಪಕ್ಕದ ಮೂಟೆಗಳ ಕಡೆ ಗಲ್ಲ ಎತ್ತಿ ತೋರಿಸಿದ. "ಹೇಳೋಕಾಗ್ಲಿಲ್ಲ, ಅದಕ್ಕೇ ಹೊಲಿದೆ."

ನರ್ಸಮ್ಮನಿಗೆ ಆ ಮನುಷ್ಯನನ್ನು ಹೊಡೆಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಗಂಡ ಎಂದರೆ ಕೈಯ ಗೆರೆಯಷ್ಟು ಗೊತ್ತು ಎಂದುಕೊಂಡು ಬಾಳಿದ್ದವಳು ಆ ಕೈಯ ಪಕ್ಕದಲ್ಲಿ ಹೊಸಬಳಂತೆ ಕೂತಳು.

ಕೆಳಗೆ ವ್ಯಾನು ನಿಂತ ಸದ್ದಾಯಿತು. ಮೆಟ್ಟಿಲ ಮೇಲೆ ಬೂಟುಗಳ ಸದ್ದು. ಬೆಲ್ ಹೊಡೆಯಿತು.

ಮಗ ಎದ್ದ. ಇವನು ಬಾಗಿಲು ತೆಗೆದು, ತಗೊಂಡು ಹೋಗಿ ಸರ್ ಎಂದು ಎಲ್ಲವನ್ನೂ ಹೊರಿಸಿ ಕಳಿಸಿಬಿಡುತ್ತಾನೆ, ಇನ್ನು ಯಾವತ್ತೂ ಅಪ್ಪನ ಮುಖ ನೋಡುವುದಿಲ್ಲ ಎಂದು ನರ್ಸಮ್ಮ ಹೆದರಿದಳು. ಮಗ ಅಪ್ಪನನ್ನು ದಾಟಿ, ಕಣ್ಣೆತ್ತಿಯೂ ನೋಡದೆ ಬಾಗಿಲವರೆಗೆ ಹೋದ. ಚಿಲಕದ ಮೇಲೆ ಕೈಯಿಟ್ಟ. ಆಮೇಲೆ ಆ ಕೈ ತೆಗೆದು, ಮೂಟೆಗಳ ಮುಂದೆ ನೆಲದ ಮೇಲೆ ಕೂತುಬಿಟ್ಟ.

ಎಲ್ಲಕ್ಕಿಂತ ಸಣ್ಣ ಮೂಟೆಯನ್ನು ಎಳೆದುಕೊಂಡು ಹೊಲಿಗೆಗೆ ಉಗುರು ಹಾಕಿದ. ಅದು ಜಗ್ಗಲಿಲ್ಲ. ಎರಡೂ ಕೈ ಹಾಕಿ ಎಳೆದ, ಹಲ್ಲು ಕಚ್ಚಿ ಎಳೆದ. ಮನೆತುಂಬ ಮಕ್ಕಳು ಹಾರಿ ಕುಣಿದರೂ ಬಿಚ್ಚಿಕೊಳ್ಳದಂತೆ ಸೋಫಾ ಹೊಲಿಯುವವನ ಹೊಲಿಗೆ ಅದು. ಮಗನ ಉಸಿರಾಟ ಏರಿ, ಹೆಗಲು ಅಲುಗತೊಡಗಿತು. ಅಳುತ್ತಿದ್ದಾನೋ ಎಳೆಯುತ್ತಿದ್ದಾನೋ ಬೆನ್ನ ಹಿಂದೆ ಕೂತವರಿಗೆ ಗೊತ್ತಾಗುವಂತಿರಲಿಲ್ಲ.

"ಒಂದು ನಿಮಿಷ, ಸರ್," ಎಂದಳು ಸೊಸೆ ಮುಚ್ಚಿದ ಬಾಗಿಲಿಗೆ.

ಮಗ ತಿರುಗಿ ನೋಡದೆಯೇ ಕೈಯನ್ನು ಹಿಂದಕ್ಕೆ ಚಾಚಿದ. ಗಂಡ ಎದ್ದು ಹೋಗಿ, ಅವನ ಹಿಂದೆ ಮಂಡಿಯೂರಿ, ಜೇಬಿನಿಂದ ದಾರ ಕತ್ತರಿಸುವ ಸಣ್ಣ ಮಡಚು ಚಾಕು ತೆಗೆದು ಆ ಅಂಗೈಯಲ್ಲಿಟ್ಟ. ಮಗನ ಮುಷ್ಟಿ ಮುಚ್ಚಿಕೊಂಡಿತು. ಚಾಕುವಿನ ಜೊತೆಗೆ ಅಪ್ಪನ ಆ ಸೊಟ್ಟ ಬೆರಳೂ ಒಳಗೆ ಸಿಕ್ಕಿಕೊಂಡಿತ್ತು.

ಆಗ ಮಗ ತಿರುಗಿದ. ಚಾಕುವನ್ನು ನೆಲಕ್ಕಿಟ್ಟು, ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಸೊಟ್ಟ ಗೆಣ್ಣಿನ ಮೇಲೆ ಹೆಬ್ಬೆರಳಿಟ್ಟು, ನೋಯಬಾರದು ಎನ್ನುವಷ್ಟು ಮೆಲ್ಲಗೆ ಒತ್ತಿ ನೆಟ್ಟಗೆ ಮಾಡಲು ನೋಡಿದ. ಬೆಲ್ ಮತ್ತೊಮ್ಮೆ ಹೊಡೆಯಿತು. ಬೆರಳು ನೆಟ್ಟಗಾಗಲಿಲ್ಲ. ಮಗ ಬಿಡಲೂ ಇಲ್ಲ.